ಪಿಎಚ್‌ಡಿ ನಾಲ್ಕನೇ ವರ್ಷ: ಪೋಸ್ಟ್‌ಡಾಕ್‌ಗೆ ಹೋಗಲೇಬೇಕಾ, ಬೇರೆ ದಾರಿ ಏನಿದೆ?

ನಿಮ್ಮ ಪ್ರಶ್ನೆ ಓದಿದ ಮೇಲೆ ಎರಡು ದಿನ ತಲೆಯಲ್ಲಿ ಅದೇ ಓಡುತ್ತಿತ್ತು. ಬೆಂಗಳೂರಿನಲ್ಲಿ ಬಯೋಕೆಮಿಸ್ಟ್ರಿ ಪಿಎಚ್‌ಡಿ, ನಾಲ್ಕನೇ ವರ್ಷ. ಮನೆಯಲ್ಲಿ ಇಷ್ಟು ಓದಿದವರು ನೀವೇ ಮೊದಲು. ಲ್ಯಾಬಿನಲ್ಲಿ ಎಲ್ಲರೂ "ಹೊರದೇಶಕ್ಕೆ ಪೋಸ್ಟ್‌ಡಾಕ್ ಹೋಗು" ಅನ್ನುತ್ತಾರೆ, ಅಂದರೆ ಪಿಎಚ್‌ಡಿ ಆದಮೇಲೆ ಇನ್ನೊಂದು ಲ್ಯಾಬಿನಲ್ಲಿ ಕೆಲವು ವರ್ಷ ಸಂಶೋಧನೆ ಮಾಡು ಅಂತ. ಊರಿಗೆ ಹೋದರೆ "ಕೆಲಸ ಯಾವಾಗ ಸಿಗುತ್ತೆ" ಅಂತ ಕೇಳುತ್ತಾರೆ. ಪ್ರೊಫೆಸರ್ ಆಗಬೇಕೋ ಬೇಡವೋ ಅನ್ನುವುದೇ ನಿಮಗೆ ಗೊತ್ತಾಗುತ್ತಿಲ್ಲ. ಈಗ ಏನು ಮಾಡಲಿ ಅಂತ ಕೇಳಿದ್ದೀರಿ.

ನಾನೂ ಅದೇ ಜಾಗದಲ್ಲಿ ನಿಂತಿದ್ದವಳು. ಪಿಎಚ್‌ಡಿ ಬೆಂಗಳೂರಿನಲ್ಲೇ ಮಾಡಿದೆ. ಆಗ ಜೆಆರ್‌ಎಫ್, ಅಂದರೆ ಪಿಎಚ್‌ಡಿ ಮಾಡುವವರಿಗೆ ಸಿಗುವ ಫೆಲೋಶಿಪ್, ತಿಂಗಳಿಗೆ 16,000 ರೂಪಾಯಿ ಇತ್ತು, ಅದೂ ಒಮ್ಮೆ ಐದು ತಿಂಗಳು ಬರಲೇ ಇಲ್ಲ. 2014ರಲ್ಲಿ ಪೋಸ್ಟ್‌ಡಾಕ್‌ಗೆ ಅಮೆರಿಕಕ್ಕೆ ಹೋದೆ, ಮೂರು ವರ್ಷ ಇದ್ದು ವಾಪಸ್ ಬಂದೆ. ಈಗ ಒಂದು ಸಂಶೋಧನಾ ಸಂಸ್ಥೆಯಲ್ಲಿ, ಎಲ್ಲ ಲ್ಯಾಬಿನವರೂ ಬಳಸುವ ಮೈಕ್ರೋಸ್ಕೋಪಿ ಫೆಸಿಲಿಟಿ ನೋಡಿಕೊಳ್ಳುತ್ತೇನೆ. ಪ್ರೊಫೆಸರ್ ಆಗಲಿಲ್ಲ. ಈ ಕೆಲಸ ನನಗೆ ತುಂಬ ಇಷ್ಟ.

ನನಗೆ ಗೊತ್ತಿರುವುದರಲ್ಲಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹುದ್ದೆಯ ಹೆಸರು ನೋಡಿ ದಾರಿ ಆರಿಸಬೇಡಿ. ಆ ಹುದ್ದೆಯಲ್ಲಿ ಇರುವವರು ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ ಅನ್ನುವುದನ್ನು ನೋಡಿ ಆರಿಸಿ.

ನಿಮ್ಮ ಗೈಡ್, ಅಂದರೆ ನಿಮ್ಮ ಪಿಎಚ್‌ಡಿ ನೋಡಿಕೊಳ್ಳುವ ಪ್ರೊಫೆಸರ್, ಅವರ ವಿಷಯವನ್ನೇ ತಗೊಳ್ಳಿ. ಅವರು ಪಿಪೆಟ್ ಹಿಡಿದು ಎಷ್ಟು ವರ್ಷ ಆಗಿರಬಹುದು? ಅವರ ದಿನ ಹೋಗುವುದು ಸಂಶೋಧನೆಗೆ ಹಣ ಕೇಳುವ ಗ್ರ್ಯಾಂಟ್ ಅರ್ಜಿ ಬರೆಯೋದರಲ್ಲಿ, ಸರ್ಕಾರಿ ಖರೀದಿಯ ಜೆಮ್ ಪೋರ್ಟಲಿನಲ್ಲಿ ಖರೀದಿ ಮಾಡೋದರಲ್ಲಿ, ಕಮಿಟಿ ಮೀಟಿಂಗಿನಲ್ಲಿ, ವಿದ್ಯಾರ್ಥಿಗಳ ಡ್ರಾಫ್ಟ್ ತಿದ್ದೋದರಲ್ಲಿ. ಮಧ್ಯೆ ಒಂದು ಒಳ್ಳೆಯ ಡೇಟಾ ಬಂದರೆ ಅವರ ಮುಖ ಅರಳುತ್ತದೆ. ಈ ದಿನಚರಿ ನೋಡಿ ನಿಮಗೆ "ಹೌದು, ನನಗೂ ಇದು ಬೇಕು" ಅನ್ನಿಸಿದರೆ ಪೋಸ್ಟ್‌ಡಾಕ್‌ಗೆ ಧೈರ್ಯವಾಗಿ ಹೋಗಿ. ಬೆಂಚಿನ ಕೆಲಸ, ಅಂದರೆ ಕೈಯಾರೆ ಪ್ರಯೋಗ ಮಾಡುವುದು, ಇಷ್ಟ ಅಂತ ಪ್ರೊಫೆಸರ್ ಆಗಲು ಹೊರಟರೆ, ಇಷ್ಟವಾದ ಕೆಲಸವೇ ಕೈ ತಪ್ಪುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ನನಗೆ ಇದು ತಿಳಿದದ್ದು ಪೋಸ್ಟ್‌ಡಾಕ್‌ನ ಎರಡನೇ ವರ್ಷ. ಅಲ್ಲಿನ ಯೂನಿವರ್ಸಿಟಿಯಲ್ಲಿ ಪೋಸ್ಟ್‌ಡಾಕ್‌ಗಳಿಗೆಂದೇ ಒಂದು ಆಫೀಸ್ ಇತ್ತು. ಅಮೆರಿಕದಲ್ಲಿ ಈ ವಿಷಯದ ಮೇಲೆ ಬಹಳ ಕೆಲಸ ನಡೆದಿದೆ. 2013ರಿಂದ ಅಲ್ಲಿನ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 'ಬೆಸ್ಟ್' ಎಂಬ ಯೋಜನೆಯಲ್ಲಿ 17 ಸಂಸ್ಥೆಗಳಿಗೆ ಹಣ ಕೊಟ್ಟಿತು. ಪಿಎಚ್‌ಡಿ, ಪೋಸ್ಟ್‌ಡಾಕ್ ಮಾಡುವವರಿಗೆ ಪ್ರೊಫೆಸರ್ ಹುದ್ದೆಯ ಹೊರಗಿನ ಕೆಲಸಗಳ ಪರಿಚಯ ಮಾಡಿಸುವುದೇ ಅದರ ಉದ್ದೇಶ. 'ಇಂಡಿವಿಜುವಲ್ ಡೆವಲಪ್‌ಮೆಂಟ್ ಪ್ಲಾನ್' ಅಂತ ಒಂದು ಪದ್ಧತಿಯೂ ಇದೆ. ನಿಮಗೆ ಏನು ಬರುತ್ತದೆ, ಏನು ಇಷ್ಟ, ಮುಂದಿನ ಒಂದು ವರ್ಷದಲ್ಲಿ ಏನು ಕಲಿಯುತ್ತೀರಿ ಅಂತ ಬರೆದು ಗೈಡ್ ಜೊತೆ ಕೂತು ಮಾತಾಡಬೇಕು. ಇದಕ್ಕೆ 2012ರಲ್ಲಿ 'ಮೈಐಡಿಪಿ' ಅಂತ ಒಂದು ವೆಬ್‌ಸೈಟ್ ಶುರುವಾಯಿತು. ದುಡ್ಡು ಕೊಡಬೇಕಿಲ್ಲ, ಇಲ್ಲಿ ಕೂತೇ ಮಾಡಬಹುದು.

ಆ ಆಫೀಸಿನಲ್ಲಿದ್ದ ಒಬ್ಬ ಹಿರಿಯ ಹೆಂಗಸು ನನಗೆ ಇನ್ನೂ ಸರಳವಾದ ಒಂದು ಕೆಲಸ ಕೊಟ್ಟರು. "ಎರಡು ವಾರ, ಪ್ರತಿ ಸಂಜೆ ಎರಡು ಸಾಲು ಬರಿ. ಇವತ್ತು ಯಾವ ಗಂಟೆ ಕಳೆದದ್ದೇ ಗೊತ್ತಾಗಲಿಲ್ಲ? ಯಾವ ಗಂಟೆ ಮುಂದಕ್ಕೇ ಹೋಗಲಿಲ್ಲ?" ಅಂದರು. ಬರೆದೆ. ಎರಡು ವಾರ ಆದಮೇಲೆ ನೋಡಿದರೆ, ಗೊತ್ತಾಗದೆ ಕಳೆದ ಗಂಟೆಗಳೆಲ್ಲ ಮೈಕ್ರೋಸ್ಕೋಪ್ ರೂಮಿನವು. ಅದರಲ್ಲೂ ಅರ್ಧ ನನ್ನ ಸ್ವಂತ ಪ್ರಯೋಗದ್ದೂ ಆಗಿರಲಿಲ್ಲ. ಪಕ್ಕದ ಲ್ಯಾಬಿನವರ ಸ್ಲೈಡಿನಲ್ಲಿ ಸಿಗ್ನಲ್ ಯಾಕೆ ಬರುತ್ತಿಲ್ಲ ಅಂತ ಹುಡುಕೋದು, ಹೊಸಬರಿಗೆ ಆಯಿಲ್ ಹಾಕಬಾರದ ಲೆನ್ಸಿಗೆ ಆಯಿಲ್ ತಾಗದ ಹಾಗೆ ಕೆಲಸ ಮಾಡುವುದು ಹೇಗೆ ಅಂತ ಹೇಳಿಕೊಡೋದು, ಸಾವಿರ ಚಿತ್ರಗಳನ್ನು ಒಂದೊಂದಾಗಿ ಎಣಿಸುತ್ತಿದ್ದವರಿಗೆ ಒಂದು ಚಿಕ್ಕ ಪ್ರೋಗ್ರಾಮ್ ಬರೆದುಕೊಡೋದು. ಬೆಂಗಳೂರಿನಲ್ಲೂ ಇದನ್ನೇ ಮಾಡುತ್ತಿದ್ದೆ. ಆಗ "ನಿನ್ನ ಕೆಲಸ ನೋಡ್ಕೋ, ಸುಮ್ನೆ ಟೈಮ್ ಹಾಳು" ಅಂತ ಬೈಸಿಕೊಂಡಿದ್ದೆ. ಅದೇ ನನ್ನ ಕೆಲಸ ಅಂತ ತಿಳಿಯಲು ಅಷ್ಟು ವರ್ಷ ಹಿಡಿಯಿತು.

ನೀವೂ ಹೀಗೆ ಸಂಜೆ ಎರಡು ಸಾಲು ಬರೆಯುವುದನ್ನು ಇವತ್ತೇ ಶುರು ಮಾಡಿ. ಎರಡು ವಾರ ಸಾಕು.

ಆಮೇಲೆ ಜನರ ಜೊತೆ ಮಾತಾಡಿ. ನಿಮ್ಮ ಸಂಸ್ಥೆಯಿಂದ ಪಿಎಚ್‌ಡಿ ಮುಗಿಸಿ ಹೋದವರನ್ನು ಹುಡುಕಿ ಐದೇ ಸಾಲಿನ ಮೆಸೇಜ್ ಕಳಿಸಿ. ನೀವು ಯಾರು, ಅವರ ಬಗ್ಗೆ ಹೇಗೆ ಗೊತ್ತಾಯಿತು, 20 ನಿಮಿಷ ಫೋನಿನಲ್ಲಿ ಮಾತಾಡಲು ಸಾಧ್ಯವಾ, ಇಷ್ಟೇ. ಕೆಲಸ ಕೊಡಿ ಅಂತ ಕೇಳಬೇಡಿ, ಬಯೋಡೇಟಾ ಕಳಿಸಬೇಡಿ. ಹತ್ತು ಜನಕ್ಕೆ ಬರೆದರೆ ಮೂರೋ ನಾಲ್ಕೋ ಜನ ಉತ್ತರ ಕೊಟ್ಟಾರು. ಫೋನಿನಲ್ಲಿ "ಕೆಲಸ ಹೇಗಿದೆ ಸರ್" ಅಂದರೆ "ಚೆನ್ನಾಗಿದೆ" ಅಂದು ಮುಗಿಸುತ್ತಾರೆ. "ನಿನ್ನೆ ಬೆಳಗ್ಗೆಯಿಂದ ಏನೇನು ಮಾಡಿದಿರಿ?" ಅಂತ ಕೇಳಿ. ಆಗ ನಿಜವಾದ ಮಾತು ಹೊರಗೆ ಬರುತ್ತದೆ. ಕನ್ನಡದವರು ಸಿಕ್ಕರೆ ಕನ್ನಡದಲ್ಲೇ ಕೇಳಿ. ಸಂಬಳ, ಒತ್ತಡ, ಮನೆ ಇಂಥದ್ದೆಲ್ಲ ನಮ್ಮ ಭಾಷೆಯಲ್ಲಿ ಜನ ಜಾಸ್ತಿ ಬಿಚ್ಚಿ ಮಾತಾಡುತ್ತಾರೆ.

ಯಾವ ಯಾವ ದಾರಿ ಇದೆ ಅಂತ ಕೇಳಿದ್ದಿರಿ ಅಲ್ವಾ? ನನ್ನ ಜೊತೆ ಓದಿದವರು ಎಲ್ಲೆಲ್ಲಿ ಇದ್ದಾರೆ ಅನ್ನುವುದನ್ನೇ ಹೇಳುತ್ತೇನೆ. ಒಬ್ಬಳು ಪೇಟೆಂಟ್ ಕೆಲಸಕ್ಕೆ ಹೋದಳು. ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ತಯಾರಿಸುವ ಪೇಟೆಂಟ್ ಏಜೆಂಟ್ ಆಗುವ ಪರೀಕ್ಷೆ ಬರೆಯಲು ಸೈನ್ಸ್ ಡಿಗ್ರಿ ಸಾಕು, ಲಾ ಓದಿರಬೇಕಿಲ್ಲ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಥೀಸಿಸ್ ಬರೆಯುತ್ತಲೇ ಅವಳು ಪರೀಕ್ಷೆಗೆ ಓದಿದಳು. ದಿನವಿಡೀ ಓದುವುದು, ಒಂದೊಂದು ಪದವನ್ನೂ ತೂಗಿ ಬರೆಯುವುದು ಯಾರಿಗೆ ಇಷ್ಟವೋ ಅವರಿಗೆ ಅದು ಹೇಳಿ ಮಾಡಿಸಿದ ಕೆಲಸ. ಇಬ್ಬರು ಔಷಧ ಕಂಪನಿಗಳ ಸಂಶೋಧನೆಯಲ್ಲಿದ್ದಾರೆ. ಒಬ್ಬ ಡೇಟಾ ವಿಶ್ಲೇಷಣೆಯ ಕಡೆ ಹೋದ. ಒಬ್ಬಳು ಮೆಡಿಕಲ್ ರೈಟಿಂಗ್, ಅಂದರೆ ಔಷಧ, ಚಿಕಿತ್ಸೆಯ ಸಂಶೋಧನೆಯ ಬಗ್ಗೆ ಬರೆಯುವ ಕೆಲಸ, ಮಾಡುತ್ತಾಳೆ. ಇನ್ನೊಬ್ಬ ಊರಿನ ಹತ್ತಿರದ ಡಿಗ್ರಿ ಕಾಲೇಜಿನಲ್ಲಿ ಮೇಷ್ಟ್ರು. ಪಾಠ ಮಾಡುವ ಆಸೆ ನಿಮಗೂ ಇದ್ದರೆ ಈಗಲೇ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ಕರ್ನಾಟಕದ ಕೆ-ಸೆಟ್ ಬರೆದಿಟ್ಟುಕೊಳ್ಳಿ. ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ನೆಟ್ ಅಥವಾ ರಾಜ್ಯಮಟ್ಟದ ಸೆಟ್, ಸ್ಲೆಟ್ ಕನಿಷ್ಠ ಅರ್ಹತೆ ಅಂತ 2023ರ ಜುಲೈನಿಂದ ಯುಜಿಸಿ ಹೇಳಿದೆ.

ಸ್ವಂತ ಕಂಪನಿಯ ಯೋಚನೆ ಇದ್ದರೆ ನೀವಿರುವ ಊರಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಪಕ್ಕದಲ್ಲೇ ಸಿ-ಕ್ಯಾಂಪ್ ಇದೆ. ಹೊಸ ಬಯೋಟೆಕ್ ಕಂಪನಿಗಳಿಗೆ ಅಲ್ಲಿ ಲ್ಯಾಬ್ ಜಾಗ, ಉಪಕರಣ, ಸಲಹೆ ಎಲ್ಲ ಸಿಗುತ್ತದೆ. ಹೊಸ ಆ್ಯಂಟಿಬಯೋಟಿಕ್ ಹುಡುಕುತ್ತಿರುವ ಬಗ್‌ವರ್ಕ್ಸ್ ಕಂಪನಿ ಅಲ್ಲೇ ಬೆಳೆದದ್ದು. ಬಯೋಟೆಕ್ ಕಂಪನಿಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್ ಕೊಡುವ 'ಬಿಗ್' ಗ್ರ್ಯಾಂಟಿನಲ್ಲಿ ಒಂದು ಐಡಿಯಾ ಪರೀಕ್ಷೆ ಮಾಡಲು 18 ತಿಂಗಳಿಗೆ 50 ಲಕ್ಷ ರೂಪಾಯಿವರೆಗೆ ಸಿಗುತ್ತದೆ.

ಬರೆಯುವುದು ಇಷ್ಟವಾದರೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ) 2018ರಲ್ಲಿ ಶುರು ಮಾಡಿದ 'ಅವ್ಸರ್' ಬಗ್ಗೆ ಓದಿ. ಪಿಎಚ್‌ಡಿ ವಿದ್ಯಾರ್ಥಿಗಳು, ಪೋಸ್ಟ್‌ಡಾಕ್‌ಗಳು ತಮ್ಮ ಸಂಶೋಧನೆಯನ್ನು ಎಲ್ಲರಿಗೂ ಅರ್ಥವಾಗುವ ಹಾಗೆ ಬರೆಯಲಿ ಅಂತ ಮಾಡಿದ ಸ್ಪರ್ಧೆ ಅದು. ನಿಮ್ಮ ಪ್ರಶ್ನೆಯ ಕನ್ನಡ ಓದಿದೆ, ಬಹಳ ಚೆನ್ನಾಗಿದೆ. ನೀವು ಸಂಶೋಧನೆ ಮಾಡುತ್ತಿರುವ ಪ್ರೋಟೀನಿನ ಕಥೆಯನ್ನು ಕನ್ನಡದಲ್ಲಿ 800 ಪದ ಬರೆದು ನೋಡಿ. ಬಯೋಕೆಮಿಸ್ಟ್ರಿಯೂ ಗೊತ್ತಿದ್ದು ಹೀಗೆ ಬರೆಯಲೂ ಬರುವವರು ನಮ್ಮಲ್ಲಿ ಬಹಳ ಕಡಿಮೆ.

ಈಗ ಪೋಸ್ಟ್‌ಡಾಕ್ ವಿಷಯ. "ಮುಂದೇನು ಅಂತ ಗೊತ್ತಿಲ್ಲ, ಅದಕ್ಕೇ ಹೋಗುತ್ತೇನೆ" ಅಂತ ಹೋಗಬೇಡಿ. ಅಲ್ಲಿ ಹೋಗಿ ಏನು ಕಲಿಯಬೇಕು ಅನ್ನುವುದನ್ನು ಒಂದು ವಾಕ್ಯದಲ್ಲಿ ಹೇಳಲು ಬಂದರೆ ಹೋಗಿ. ಹೊರದೇಶವೇ ಆಗಬೇಕು ಅಂತಲೂ ಇಲ್ಲ. ಒಂದು ವಿಷಯ ಮಾತ್ರ ಚೆನ್ನಾಗಿ ನೆನಪಿಡಿ: ಪಿಎಚ್‌ಡಿ ಸಿಕ್ಕಿದ ದಿನದಿಂದ ಒಂದು ಗಡಿಯಾರ ಓಡಲು ಶುರುವಾಗುತ್ತದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ಬ್ರಿಟನ್ನಿನ ದತ್ತಿ ಸಂಸ್ಥೆ ವೆಲ್‌ಕಮ್ ಸೇರಿ ನಡೆಸುವ ಇಂಡಿಯಾ ಅಲಯನ್ಸ್‌ನ ಫೆಲೋಶಿಪ್‌ಗಳಿಗೆ ವಯಸ್ಸಿನ ಮಿತಿ ಇಲ್ಲ, ಆದರೆ ಪಿಎಚ್‌ಡಿ ಆಗಿ ಎಷ್ಟು ವರ್ಷ ಆಯಿತು ಅಂತ ಲೆಕ್ಕ ಹಾಕುತ್ತಾರೆ. ಇಲ್ಲೇ ಪೋಸ್ಟ್‌ಡಾಕ್ ಮಾಡಲು ಕೇಂದ್ರ ಸರ್ಕಾರ ಕೊಡುವ ನ್ಯಾಷನಲ್ ಪೋಸ್ಟ್‌ಡಾಕ್ಟೋರಲ್ ಫೆಲೋಶಿಪ್‌ಗೆ 35 ವರ್ಷದ ಮಿತಿ ಇದೆ. ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ ಐದು ವರ್ಷ ಸಡಿಲಿಕೆ ಇದೆ. ಅರ್ಜಿ ಹಾಕುವ ಮುಂಚೆ ಆಯಾ ವರ್ಷದ ನಿಯಮವನ್ನು ನೀವೇ ಓದಿ, ಸೀನಿಯರ್ ಹೇಳಿದರು ಅಂತ ನಂಬಬೇಡಿ. ನನ್ನ ಗೆಳತಿಯೊಬ್ಬಳು ಹಳೆಯ ನಿಯಮ ನಂಬಿಕೊಂಡು ಒಂದು ಅವಕಾಶ ಕಳೆದುಕೊಂಡಳು.

ದುಡ್ಡಿನ ಲೆಕ್ಕವನ್ನೂ ಮಾಡಿ. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000, ಅದರ ಮುಂದಿನ ಹಂತದ ಎಸ್‌ಆರ್‌ಎಫ್ 42,000 ಆಗಿದೆ. ಪಿಎಚ್‌ಡಿ ಆದಮೇಲೆ ರಿಸರ್ಚ್ ಅಸೋಸಿಯೇಟ್ ಆದರೆ 58,000ದಿಂದ ಶುರು, ಮೇಲೆ ಮನೆ ಬಾಡಿಗೆ ಭತ್ಯೆ. ಮನೆಗೆ ತಿಂಗಳಿಗೆ ಎಷ್ಟು ಕಳಿಸಬೇಕು ಅನ್ನುವುದು ನಿಮಗೆ ಮಾತ್ರ ಗೊತ್ತು. ಆ ಲೆಕ್ಕ ಇಟ್ಟುಕೊಂಡು ಕೆಲಸ ಆರಿಸುವುದು ಸ್ವಾರ್ಥ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಾಗೆ ಹೇಳುವವರ ಮನೆಯಲ್ಲಿ ಸಾಮಾನ್ಯವಾಗಿ ಆ ಚಿಂತೆ ಇರುವುದಿಲ್ಲ.

ಇನ್ನು ನಿಮ್ಮ ಗೈಡ್. "ಬೇರೆ ಕೆಲಸ ನೋಡುತ್ತಿದ್ದೇನೆ ಅಂದರೆ ಸಿಟ್ಟಾಗುತ್ತಾರಾ" ಅಂತ ಕೊನೆಯಲ್ಲಿ ಕೇಳಿದ್ದೀರಿ. ಆಗಬಹುದು. ಪ್ರೊಫೆಸರ್ ಆಗಲು ಪ್ರಯತ್ನ ಮಾಡುವುದಿಲ್ಲ ಅಂತ ನಾನು ಪೋಸ್ಟ್‌ಡಾಕ್‌ನಲ್ಲಿ ಹೇಳಿದಾಗ ನಮ್ಮ ಬಾಸ್ ಮೂರು ವಾರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ತಾವೇ ಕರೆದು, ಮೈಕ್ರೋಸ್ಕೋಪಿ ಕೋರ್ಸಿಗೆ ಒಂದು ವಾರ ಕಳಿಸಿದರು. ಎಲ್ಲ ಗೈಡ್‌ಗಳೂ ಹಾಗಿರುವುದಿಲ್ಲ, ನಿಮ್ಮವರು ಹೇಗೆ ಅಂತ ನಿಮಗೇ ಚೆನ್ನಾಗಿ ಗೊತ್ತು. ಮಾತಾಡುವುದಾದರೆ ಬರೀ ಕೈಯಲ್ಲಿ ಹೋಗಬೇಡಿ. ಯಾವ ಯಾವ ಪ್ರಯೋಗ ಬಾಕಿ, ಪೇಪರ್ ಯಾವಾಗ ಕಳಿಸುವುದು, ಥೀಸಿಸ್ ಯಾವ ತಿಂಗಳು ಕೊಡುವುದು, ಇದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮೊದಲು ಆ ಹಾಳೆಯ ಮಾತು ಮುಗಿಸಿ. ಆಮೇಲೆ "ವಾರಕ್ಕೆ ಎರಡು ಗಂಟೆ ಮುಂದಿನ ಕೆಲಸದ ತಯಾರಿಗೆ ಇಟ್ಟುಕೊಳ್ಳುತ್ತೇನೆ ಸರ್" ಅಂತ ಹೇಳಿ. ಅವರಿಗೆ ಹೆದರಿಕೆ ಇರುವುದು ಕೆಲಸ ಅರ್ಧಕ್ಕೆ ನಿಂತೀತು ಅಂತ. ಥೀಸಿಸ್ ತಾರೀಖು ಕಣ್ಣ ಮುಂದೆ ಇದ್ದರೆ ಆ ಹೆದರಿಕೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಆ ಎರಡು ಗಂಟೆಯನ್ನು ಶನಿವಾರ ಬೆಳಗ್ಗೆ ಇಟ್ಟುಕೊಳ್ಳಿ. ಲ್ಯಾಬ್ ಖಾಲಿ ಇರುತ್ತದೆ, ಯಾರೂ ಜೆಲ್ ಓಡಿಸಿಕೊಡು ಅಂತ ಕರೆಯುವುದಿಲ್ಲ. ಮೊದಲ ಶನಿವಾರ ಆ ಐದು ಸಾಲಿನ ಮೆಸೇಜ್ ಬರೆಯಿರಿ.