ಖಂಡನೆಯ ನಂತರದ ‘ಆದರೆ’

ಮಾನ್ಯರೇ,

ಕೊಪ್ಪ ತಾಲ್ಲೂಕಿನಿಂದ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಹೆಸರು ಹಾಕುವುದು ಬೇಡ ಎಂದಿದ್ದೀರಿ; ಹಾಕಿಲ್ಲ. ಪತ್ರವನ್ನು ಪೂರ್ತಿಯಾಗಿ ಪ್ರಕಟಿಸಲು ಜಾಗ ಸಾಲದ್ದರಿಂದ ಅದರ ಸಾರವನ್ನು ಓದುಗರ ಮುಂದಿಟ್ಟು ಉತ್ತರಿಸುತ್ತೇನೆ.

ಒಂದು ವಿಚಾರದ ಹೆಸರು ಹೇಳಿಕೊಂಡು ಯಾರಾದರೂ ಕೊಲೆ ಮಾಡಿದಾಗ, ಅದೇ ವಿಚಾರವನ್ನು ಶಾಂತಿಯಿಂದ ಪ್ರತಿಪಾದಿಸುವವರು ಎಲ್ಲರಿಗಿಂತ ಮೊದಲು ಮಾತಾಡಬೇಕು ಎಂದು ಕಳೆದ ಸಂಚಿಕೆಯಲ್ಲಿ ನಾನು ಬರೆದಿದ್ದೆ. ಅದು ತಮ್ಮನ್ನು ನೋಯಿಸಿದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ನಡೆದ ಒಕ್ಕಲೆಬ್ಬಿಸುವಿಕೆಯ ವಿರುದ್ಧ ತಾವು ಹದಿನೈದು ವರ್ಷ ಬೀದಿಗಿಳಿದವರು. ಒಂದು ದಿನವೂ ಕಲ್ಲೆತ್ತಿದವರಲ್ಲ. ‘ಬಂದೂಕು ಹಿಡಿದವರು ಯಾರೋ, ಜವಾಬು ಕೊಡಬೇಕಾದವರು ನಾವೋ? ಪೊಲೀಸರು ನಮ್ಮನ್ನು ಅನುಮಾನಿಸಿದ್ದು ಸಾಲದೆಂದು ಈಗ ಪತ್ರಿಕೆಯವರೂ ಕಟಕಟೆಗೆ ಕರೆಯುತ್ತೀರಾ? ಕಲಬುರ್ಗಿಯವರನ್ನು, ಗೌರಿಯವರನ್ನು ಕೊಂದಾಗ ಎದುರಿನ ಪಾಳೆಯದವರನ್ನೂ ಹೀಗೆಯೇ ಕೇಳಿದ್ದೀರಾ?’ ಎಂದು ಕೇಳಿದ್ದೀರಿ. ಪತ್ರದ ಕೊನೆಯಲ್ಲಿ, ಸಹಿಗಿಂತ ಮೇಲೆ, ಇನ್ನೊಂದು ಸಾಲು ಸೇರಿಸಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ತಪ್ಪಿನ ಹೊರೆ ಮಾಡಿದವನ ಮೇಲೆಯೇ ಇರಬೇಕು, ಅವನ ಮಾತಿಗೆ ಹೋಲುವ ಮಾತಾಡಿದವರ ಮೇಲೆ ಹೊರಿಸಬಾರದು ಎಂಬ ತಮ್ಮ ವಾದದಲ್ಲಿ ನನಗೆ ಒಂದಿಷ್ಟೂ ಭಿನ್ನಾಭಿಪ್ರಾಯವಿಲ್ಲ. 2011ರ ಜುಲೈ 22ರಂದು ನಾರ್ವೆಯ ಓಸ್ಲೋ ನಗರದಲ್ಲಿ ಬಾಂಬ್ ಸಿಡಿದಾಗ, ಮಾಡಿದವನು ಯಾರೆಂದು ತಿಳಿಯುವ ಮೊದಲೇ ಅಲ್ಲಿನ ಬೀದಿಗಳಲ್ಲಿ ಮುಸ್ಲಿಮರನ್ನು ಬೈದು ಅಟ್ಟಿದವರಿದ್ದರು. ಅಂದು ಬಾಂಬಿಗೆ ಎಂಟು ಮಂದಿ ಬಲಿಯಾದರು. ಅದಾದ ಮೇಲೆ ಉಟೋಯಾ ದ್ವೀಪದಲ್ಲಿ ಲೇಬರ್ ಪಕ್ಷದ ಯುವ ಶಿಬಿರಕ್ಕೆ ಬಂದಿದ್ದ ಮಕ್ಕಳೂ ಸೇರಿ 69 ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು. ಕೊಂದವನು ಮುಸ್ಲಿಮರನ್ನು ದ್ವೇಷಿಸುವ ಒಬ್ಬ ನಾರ್ವೆಯವನೇ ಎಂಬುದು ಸಂಜೆಯ ಹೊತ್ತಿಗೆ ತಿಳಿಯಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ರಾತ್ರಿ ಬಾಗಿಲು ತಟ್ಟಿದ ನಕ್ಸಲರಿಗೆ ಅನ್ನ ಹಾಕಿದ ಒಂದೇ ಕಾರಣಕ್ಕೆ ಠಾಣೆಗೆ ಅಲೆದ ಮನೆಗಳು ನಮ್ಮ ಶೃಂಗೇರಿ, ಕೊಪ್ಪದ ಕಾಡಂಚಿನಲ್ಲಿ ಎಷ್ಟಿದ್ದವು ಎಂಬುದನ್ನು ತಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಹಾಗೆ ಶಂಕೆಯನ್ನು ಹಂಚುವುದು ಅನ್ಯಾಯ. ನನ್ನ ಮಾತು ಆ ಸಾಲಿಗೆ ಸೇರಿದಂತೆ ಕೇಳಿಸಿದ್ದರೆ ತಮ್ಮಲ್ಲಿ ಕ್ಷಮೆ ಕೇಳುತ್ತೇನೆ.

ಆದರೂ ತಮ್ಮನ್ನೇ ಕೇಳುತ್ತೇನೆ. ಏಕೆಂದರೆ ಮುಂದಿನ ಬಂದೂಕು ಎತ್ತಲಿರುವವನು ನನ್ನ ಸಂಪಾದಕೀಯವನ್ನು ಓದುವುದಿಲ್ಲ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಮನವಿಗೆ ಕಿವಿಗೊಡುವುದಿಲ್ಲ, ಎದುರಾಳಿಯ ಖಂಡನೆಯನ್ನಂತೂ ಪದಕದಂತೆ ಎದೆಗೆ ಧರಿಸುತ್ತಾನೆ. ಅವನಿಗೆ ಕೇಳಿಸುವುದು ಒಂದೇ ದನಿ: ಅವನ ನೋವನ್ನು ತನ್ನದೆಂದುಕೊಂಡವರ ದನಿ.

ಇದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2014ರ ಡಿಸೆಂಬರಿನಲ್ಲಿ ನಕ್ಸಲ್ ಚಳವಳಿಯಲ್ಲಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಜಿಲ್ಲಾಡಳಿತದ ಮುಂದೆ ಬಂದು ಮುಖ್ಯವಾಹಿನಿಗೆ ಮರಳಿದಾಗ, ಅವರ ಮತ್ತು ಸರ್ಕಾರದ ನಡುವೆ ಓಡಾಡಿದವರು ಯಾರು? ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಆರು ಮಂದಿ ನಕ್ಸಲರು ಬಂದು ನಿಂತಾಗಲೂ ದಾರಿ ಮಾಡಿಕೊಟ್ಟವರಲ್ಲಿ ಶಾಂತಿಗಾಗಿ ನಾಗರಿಕ ವೇದಿಕೆಯವರು ಇದ್ದರು. ಇವರೆಲ್ಲ ಭೂಮಿ, ಅರಣ್ಯ, ಆದಿವಾಸಿಗಳ ಹಕ್ಕಿನ ಪ್ರಶ್ನೆಯಲ್ಲಿ ಕಾಡಿನೊಳಗಿದ್ದವರ ದೂರನ್ನು ಒಪ್ಪಿದವರು, ಅವರ ದಾರಿಯನ್ನು ಒಪ್ಪದವರು. ಎರಡನ್ನೂ ಒಂದೇ ಬಾಯಲ್ಲಿ ಹೇಳುವ ಧೈರ್ಯವಿದ್ದುದರಿಂದಲೇ ಕಾಡಿನ ಒಳಗೂ ಹೊರಗೂ ಅವರ ಮಾತಿಗೆ ಬೆಲೆ ಬಂತು.

ಇನ್ನು ನಮ್ಮ ಪತ್ರಿಕೆಯ ಲೆಕ್ಕ ಒಪ್ಪಿಸಬೇಕು. ತಮ್ಮ ಪತ್ರ ಬಂದ ದಿನ ಕಚೇರಿಯ ಅಟ್ಟದಿಂದ 2005ರ ಸಂಚಿಕೆಗಳ ಹೊಲಿದ ಕಟ್ಟನ್ನು ಇಳಿಸಿ ನೋಡಿದೆ. ಆ ಫೆಬ್ರವರಿಯ ಮೊದಲ ವಾರದಲ್ಲಿ ನಮ್ಮ ಜಿಲ್ಲೆಯ ಮೆಣಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತಿದ್ದರು. ಕೆಲವೇ ದಿನಗಳಲ್ಲಿ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಮೀಸಲು ಪೊಲೀಸರ ಮೇಲೆ ರಾತ್ರಿ ಹೊತ್ತು ನಕ್ಸಲರು ಮುಗಿಬಿದ್ದು ಹಲವರನ್ನು ಕೊಂದರು. ನಮ್ಮ ಸಂಚಿಕೆಯಲ್ಲಿ ಮೊದಲನೆಯ ಸಾವಿನ ಬಗ್ಗೆ ಎರಡು ಪುಟಗಳಿವೆ. ಹಾಗೆ ಬರೆದದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಎರಡನೆಯದರ ಬಗ್ಗೆ ಒಂದು ಕಂಡಿಕೆಯಿದೆ. ಅದರ ಮೊದಲ ನಾಲ್ಕು ಸಾಲು ಖಂಡನೆ, ಐದನೆಯ ಸಾಲು ‘ಆದರೆ’ ಎಂದು ಶುರುವಾಗುತ್ತದೆ, ಅಲ್ಲಿಂದ ಮುಂದಿನ ಇಪ್ಪತ್ತೆರಡು ಸಾಲುಗಳು ಪ್ರಭುತ್ವದ ಹಿಂಸೆಯ ಬಗ್ಗೆ ಇವೆ. ಅದನ್ನು ಬರೆದವನು ನಾನು.

ಆ ಕಟ್ಟಿನೊಳಗೆ ಒಂದು ಅಂಚೆ ಕಾರ್ಡೂ ಸಿಕ್ಕಿತು. ಅರಸೀಕೆರೆ ಕಡೆಯ ಒಬ್ಬ ಪೇದೆ ಆ ಸಂಚಿಕೆ ಓದಿ ಬರೆದದ್ದು; ನೀಲಿ ಶಾಯಿ ಮಾಸಿ ನೇರಳೆಯಾಗಿದೆ. ‘ಸತ್ತವರಿಗೂ ಊರು, ಹೆಸರು ಇತ್ತು ಸಾರ್. ನಿಮ್ಮ ಪತ್ರಿಕೆಯಲ್ಲಿ ಒಂದೂ ಯಾಕೆ ಬರಲಿಲ್ಲ?’ ಇಷ್ಟೇ ಒಕ್ಕಣೆ. ಅಂದು ನಾನು ಅದನ್ನು ಪ್ರಕಟಿಸಲೂ ಇಲ್ಲ, ಅವರಿಗೆ ಉತ್ತರ ಬರೆಯಲೂ ಇಲ್ಲ. ಪ್ರಕಟಿಸಿದರೆ ‘ಅವರ’ ಕೈ ಬಲಪಡಿಸಿದಂತಾಗುತ್ತದೆ ಎಂದು ಯಾರೋ ಹೇಳಿದ್ದು, ನಾನು ತಲೆಯಾಡಿಸಿದ್ದು ನೆನಪಿದೆ. ಒಂದೊಂದು ಸಾವಿಗೂ ಹೀಗೆ ಪಾಳೆಯ ನೋಡಿ ಕಣ್ಣೀರು ಅಳೆಯುವ ಅಭ್ಯಾಸ ನಮಗೆ ಯಾವಾಗ ಬಂತೋ ಎಂದು ಆ ಕಾರ್ಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ.

ಆ ‘ಆದರೆ’ಗೆ ಹಲವು ವೇಷಗಳಿವೆ. ‘ಕ್ರಿಯೆಗೆ ಪ್ರತಿಕ್ರಿಯೆ’ ಎನ್ನುವುದು ಒಂದು. ‘ಕಾಣದ ಕೈಗಳ ಪಿತೂರಿ’ ಎನ್ನುವುದು ಇನ್ನೊಂದು. ‘ದಾರಿ ತಪ್ಪಿದ ಹುಡುಗ’, ‘ಮಾನಸಿಕ ಅಸ್ವಸ್ಥ’, ‘ಅವನು ನಮ್ಮ ಸಂಘಟನೆ ಬಿಟ್ಟು ಎಷ್ಟೋ ಕಾಲವಾಯಿತು’, ‘ಕಾನೂನು ತನ್ನ ಕೆಲಸ ಮಾಡಲಿ’ — ಇವು ಎಡದಲ್ಲೂ ಬಲದಲ್ಲೂ, ಜಾತಿ ಸಂಘಟನೆಗಳಲ್ಲೂ ಭಾಷೆಯ ಸಂಘಟನೆಗಳಲ್ಲೂ ಬಾಯಿಪಾಠವಾಗಿರುವ ಮಾತುಗಳು. ಒಂದೊಂದು ಸಲ ಇವು ನಿಜವೂ ಆಗಿರಬಹುದು. ನಿಜವೇ ಆದರೂ ಶವ ಇನ್ನೂ ಅಂಗಳದಲ್ಲಿರುವಾಗ ಹೇಳಿದರೆ, ಕೊಂದವನ ಜೊತೆಗಾರರಿಗೆ ಅದು ರಿಯಾಯಿತಿಯಂತೆಯೇ ಕೇಳಿಸುತ್ತದೆ.

ಕಾರಣವನ್ನು ಹೇಳಲೇಬಾರದೆ ಎಂದು ತಾವು ಕೇಳಬಹುದು. ಹೇಳಬಹುದು; ಹೇಳುವ ಕ್ರಮವೊಂದಿದೆ. 1922ರ ಫೆಬ್ರವರಿಯಲ್ಲಿ ಗೋರಖ್‌ಪುರದ ಬಳಿಯ ಚೌರಿ ಚೌರಾದಲ್ಲಿ ಅಸಹಕಾರ ಚಳವಳಿಯ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು, ರೊಚ್ಚಿಗೆದ್ದ ಗುಂಪು ಠಾಣೆಗೆ ಬೆಂಕಿಯಿಟ್ಟಿತು, 22 ಪೊಲೀಸರು ಸತ್ತರು. ಗುಂಪಿನವರು ಕೂಗಿದ್ದು ಗಾಂಧೀಜಿಗೆ ಜೈಕಾರ. ಗಾಂಧೀಜಿ ಅಲ್ಲಿಂದ ಬಹುದೂರ, ಗುಜರಾತಿನ ಬಾರ್ಡೋಲಿಯಲ್ಲಿದ್ದರು. ತಮಗೆ ಸಂಬಂಧವಿಲ್ಲ ಎಂದು ಹೇಳಿ ಮುಗಿಸಲು ಎಲ್ಲ ನೆಪಗಳೂ ಇದ್ದವು. ಪೊಲೀಸರು ಕೆರಳಿಸಿದ್ದನ್ನು ಅವರು ಬಚ್ಚಿಡಲಿಲ್ಲ, ತಮ್ಮ ಪತ್ರಿಕೆಯಲ್ಲಿಯೇ ಬರೆದರು. ಬರೆದು, ಎಂಥ ಪ್ರಚೋದನೆಯೂ ಆ ಕೊಲೆಗಳಿಗೆ ಸಮರ್ಥನೆಯಾಗದು ಎಂದರು. ತಮ್ಮ ಲೇಖನದ ಕೊನೆಯ ಮಾತಾಗಬಹುದಿದ್ದ ಪ್ರಚೋದನೆಯನ್ನು ನಡುವಿನ ಮಾತಾಗಿಸಿ, ಕೊಲೆಯನ್ನು ಕೊನೆಯ ಮಾತಾಗಿಸಿದರು. ಐದು ದಿನ ಉಪವಾಸ ಕೂತರು. ದೇಶದಾದ್ಯಂತ ಏರುತ್ತಿದ್ದ ಚಳವಳಿಯನ್ನೇ ನಿಲ್ಲಿಸಿದರು. ಜೈಲಿನಲ್ಲಿದ್ದ ಮೋತಿಲಾಲ್ ನೆಹರೂ, ಲಾಲಾ ಲಜಪತ್ ರಾಯ್ ಸಿಟ್ಟಾದರು. ದೂರದ ಒಂದು ಹಳ್ಳಿಯವರ ತಪ್ಪಿಗೆ ಇಡೀ ದೇಶಕ್ಕೇಕೆ ಶಿಕ್ಷೆ ಎಂಬ ಅವರ ಪ್ರಶ್ನೆ ತಮ್ಮ ಪತ್ರದ ಪ್ರಶ್ನೆಗೆ ಬಹಳ ಹತ್ತಿರದ್ದು. ಮರು ತಿಂಗಳು, ಮಾರ್ಚ್ 18ರಂದು, ಅಹಮದಾಬಾದಿನ ನ್ಯಾಯಾಲಯದಲ್ಲಿ ಚೌರಿ ಚೌರಾದ ಹೊಣೆಯಿಂದ ತಾನು ನುಣುಚಿಕೊಳ್ಳಲಾರೆ, ಬೆಂಕಿಯ ಜೊತೆ ಆಡುತ್ತಿದ್ದೇನೆಂಬುದು ತನಗೆ ಗೊತ್ತಿತ್ತು ಎಂದು ಅವರೇ ಹೇಳಿದರು. ಆರು ವರ್ಷ ಜೈಲಾಯಿತು.

ಚಳವಳಿ ನಿಲ್ಲಿಸಿದ್ದು ಸರಿಯೇ ಎಂಬುದು ಇಂದಿಗೂ ಮುಗಿಯದ ಚರ್ಚೆ, ಅದಕ್ಕೆ ನಾನು ಕೈಹಾಕುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಕಥೆಯ ಉತ್ತರಾರ್ಧ. ಗೋರಖ್‌ಪುರದ ನ್ಯಾಯಾಲಯ 172 ಮಂದಿಗೆ ಮರಣದಂಡನೆ ವಿಧಿಸಿದಾಗ, ಅಲಹಾಬಾದ್ ಹೈಕೋರ್ಟಿನಲ್ಲಿ ಅವರ ಪರ ನಿಂತು ವಾದಿಸಿದವರು ಮದನ ಮೋಹನ ಮಾಳವೀಯರು. ಕೊನೆಗೆ ಗಲ್ಲಿಗೇರಿದವರು 19 ಮಂದಿ. ಕೃತ್ಯವನ್ನು ಖಂಡಿಸುವುದೆಂದರೆ ಆರೋಪಿಗಳನ್ನು ನ್ಯಾಯವಿಲ್ಲದೆ ಕೈಬಿಡುವುದು ಎಂದು ಯಾರೂ ತಿಳಿಯಬೇಕಿಲ್ಲ. 2003ರಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಸತ್ತಾಗ ತನಿಖೆ ಆಗಲಿ ಎಂದು ತಾವು ಒತ್ತಾಯಿಸಿದ್ದು ನ್ಯಾಯವೇ. ಆ ಒತ್ತಾಯಕ್ಕೂ ವೆಂಕಟಮ್ಮನಹಳ್ಳಿಯ ಪೊಲೀಸರಿಗಾಗಿ ಮರುಗುವುದಕ್ಕೂ ಯಾವ ವಿರೋಧವೂ ಇರಲಿಲ್ಲ. ಇದೆ ಎಂದು ನಾವೇ ಕಲ್ಪಿಸಿಕೊಂಡೆವು.

ಇನ್ನೊಂದು ನಿದರ್ಶನವನ್ನು ಹೊರಗಿನಿಂದ ತರುತ್ತೇನೆ, ಏಕೆಂದರೆ ಅಲ್ಲಿ ಮಾತಾಡಿದವರು ಅಹಿಂಸೆಯ ವ್ರತಧಾರಿಗಳಲ್ಲ. ಉತ್ತರ ಐರ್ಲೆಂಡಿನಲ್ಲಿ ಐರಿಶ್ ರಿಪಬ್ಲಿಕನ್ ಸೇನೆ, ಅಂದರೆ ಐಆರ್‌ಎ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಮೂರು ದಶಕ ಬಾಂಬ್ ಹಾಕಿತ್ತು. ಅದರ ರಾಜಕೀಯ ಮುಖವಾಗಿದ್ದ ಸಿನ್ ಫೇನ್ ಪಕ್ಷದವರು ಪ್ರತಿ ಕೊಲೆಯ ನಂತರ ವಿಷಾದ ಎನ್ನುತ್ತಿದ್ದರೇ ಹೊರತು ಖಂಡನೆ ಎಂಬ ಪದವನ್ನು ಬಾಯಿಗೆ ತರುತ್ತಿರಲಿಲ್ಲ. 1998ರ ಏಪ್ರಿಲಿನಲ್ಲಿ ಶಾಂತಿ ಒಪ್ಪಂದವಾಯಿತು. ಅದನ್ನೊಪ್ಪದ ಒಂದು ಬಣ ಆಗಸ್ಟ್ 15ರ ಶನಿವಾರ ಓಮಾ ಪಟ್ಟಣದ ಅಂಗಡಿ ಬೀದಿಯಲ್ಲಿ ಕಾರ್ ಬಾಂಬ್ ಸಿಡಿಸಿ 29 ಮಂದಿಯನ್ನು ಕೊಂದಿತು. ಅಂದು ಸಿನ್ ಫೇನ್‌ನ ಗೆರಿ ಆಡಮ್ಸ್ ಯಾವ ಮುಚ್ಚುಮರೆಯೂ ಇಲ್ಲದೆ ಖಂಡಿಸುತ್ತೇನೆ ಎಂದರು. 2009ರ ಮಾರ್ಚ್‌ನಲ್ಲಿ ಇಂಥದೇ ಬಣಗಳು ಇಬ್ಬರು ಸೈನಿಕರನ್ನೂ ಒಬ್ಬ ಪೊಲೀಸನನ್ನೂ ಕೊಂದಾಗ, ಒಂದು ಕಾಲಕ್ಕೆ ತಾನೇ ಐಆರ್‌ಎ ಕಮಾಂಡರ್ ಆಗಿದ್ದ ಮಾರ್ಟಿನ್ ಮೆಕ್‌ಗಿನ್ನೆಸ್ ಪೊಲೀಸ್ ಮುಖ್ಯಸ್ಥರ ಪಕ್ಕದಲ್ಲಿ ನಿಂತು, ಕೊಂದವರು ಐರ್ಲೆಂಡಿಗೆ ದ್ರೋಹ ಬಗೆದವರು ಎಂದರು. ಐರ್ಲೆಂಡ್ ಒಂದಾಗಬೇಕೆಂಬ ತಮ್ಮ ಗುರಿಯನ್ನು ಅವರು ಒಂದು ಅಂಗುಲವೂ ಬಿಟ್ಟುಕೊಡಲಿಲ್ಲ. ಅದೇ ಮಾತನ್ನು ಲಂಡನ್ನಿನ ಮಂತ್ರಿಯೊಬ್ಬ ಆಡಿದ್ದರೆ ಬೆಲ್‌ಫಾಸ್ಟಿನ ಗಲ್ಲಿಗಳಲ್ಲಿ ಅದಕ್ಕೆ ಕಿಲುಬು ಕಾಸಿನ ಬೆಲೆ ಇರುತ್ತಿರಲಿಲ್ಲ.

ಎದುರಿನ ಪಾಳೆಯದವರನ್ನು ಕೇಳಿದ್ದೀರಾ ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ಕೇಳಿದ್ದೇನೆ, ಮುಂದೆಯೂ ಕೇಳುತ್ತೇನೆ. 2015ರ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ಮನೆಯ ಮುಂದೆ ಗೌರಿ ಲಂಕೇಶ್ ಅವರನ್ನು ಗುಂಡಿಟ್ಟು ಕೊಂದಾಗ, ಹಿಂದೂ ಧರ್ಮದ ರಕ್ಷಣೆಯೇ ತಮ್ಮ ಕಾರ್ಯ ಎನ್ನುವವರು ಮೊದಲು ಎದ್ದು ನಿಂತು ಖಂಡಿಸಬೇಕಿತ್ತು. ಕೆಲವರು ಖಂಡಿಸಿದರು. ಗೌರಿಯವರು ಸತ್ತ ರಾತ್ರಿಯೇ ಸಾಮಾಜಿಕ ಜಾಲತಾಣಗಳಲ್ಲಿ ಹಿಗ್ಗಿ ಬರೆದವರೂ ಇದ್ದರು; ಅವರನ್ನು ಅವರ ಹಿರಿಯರು ಕರೆದು ಗದರಿಸಿದ್ದನ್ನು ನಾನಂತೂ ಕಾಣಲಿಲ್ಲ. ಆ ಮೌನ ನನ್ನನ್ನು ಇಂದಿಗೂ ಬಾಧಿಸುತ್ತದೆ. ಅದನ್ನು ಪ್ರಶ್ನಿಸುವ ನೈತಿಕ ಬಲ ನನಗೆ ಬರಬೇಕಾದರೆ ನನ್ನ 2005ರ ಕಂಡಿಕೆಯನ್ನು ಮೊದಲು ನಾನೇ ಓದಬೇಕು. ಅವರು ಕೇಳಿಕೊಳ್ಳಲಿ, ಆಮೇಲೆ ನಾವು ಕೇಳಿಕೊಳ್ಳುತ್ತೇವೆ ಎಂದು ಕಾದು ಕೂತರೆ ಎರಡು ಪಾಳೆಯಗಳಲ್ಲೂ ಯಾರೂ ಕೇಳಿಕೊಳ್ಳುವುದಿಲ್ಲ.

ಕೇಳಿಕೊಳ್ಳುವುದೆಂದರೆ ತಪ್ಪೊಪ್ಪಿಗೆ ಬರೆದುಕೊಡುವುದು ಎಂದಲ್ಲ. ನಾರ್ವೆಯ ಆ ಕೊಲೆಗಾರ ಹರಿಯಬಿಟ್ಟ ಸುಮಾರು 1,500 ಪುಟಗಳ ಬರಹದಲ್ಲಿ ಗುಪ್ತನಾಮದ ಒಬ್ಬ ಲೇಖಕನ ಪ್ರಬಂಧಗಳು ಹೇರಳವಾಗಿ ಸೇರಿದ್ದವು. ಆ ಲೇಖಕ ಯಾರನ್ನೂ ಕೊಲ್ಲಲು ಹೇಳಿರಲಿಲ್ಲ. ಎರಡು ವಾರಗಳಲ್ಲಿ ತನ್ನ ನಿಜ ಹೆಸರಿನಿಂದ ಹೊರಬಂದು, ಇನ್ನು ಆ ಹೆಸರಿನಲ್ಲಿ ಬರೆಯುವುದಿಲ್ಲ ಎಂದವನು, ಮುಂದೆ ಅದೇ ಹೆಸರಿನಲ್ಲಿ ಮತ್ತೆ ಬರೆಯತೊಡಗಿದ. ಕಾನೂನು ಅವನನ್ನು ತಪ್ಪಿತಸ್ಥ ಎನ್ನಲಿಲ್ಲ, ಎನ್ನಲೂಬಾರದಿತ್ತು. ಆದರೆ ಒಂದು ಜನಾಂಗವನ್ನು ಆಕ್ರಮಣಕಾರರೆಂದೂ ಅವರನ್ನು ಸಹಿಸುವವರನ್ನು ದ್ರೋಹಿಗಳೆಂದೂ ವರ್ಷಗಟ್ಟಲೆ ಬರೆದವನು, ತನ್ನ ಯಾವ ವಾಕ್ಯ ಆ ದ್ವೀಪದವರೆಗೆ ನಡೆದುಹೋಯಿತು ಎಂದು ಕೂತು ಹುಡುಕಬೇಡವೇ? ನಮ್ಮ ಕರಪತ್ರಗಳಲ್ಲೂ ‘ಶತ್ರು’, ‘ಏಜೆಂಟ್’, ‘ಮಾಹಿತಿದಾರ’ ಎಂಬ ಪದಗಳು ಎಷ್ಟು ಸಲೀಸಾಗಿ ಬರುತ್ತಿದ್ದವು ಎಂಬುದನ್ನು ತಾವು ಬಲ್ಲಿರಿ. ಮಾಹಿತಿದಾರ ಎಂಬ ಒಂದೇ ಪದಕ್ಕೆ ಮಲೆನಾಡಿನ ಬಡವರೇ ಜೀವ ತೆತ್ತಿದ್ದಾರೆ.

ಒಕ್ಕಲೆಬ್ಬಿಸುವಿಕೆಯ ವಿರುದ್ಧದ ತಮ್ಮ ಹೋರಾಟ ಅಂದೂ ನ್ಯಾಯವಾಗಿತ್ತು, ಇಂದೂ ನ್ಯಾಯವಾಗಿದೆ. ಹಕ್ಕುಪತ್ರ, ರಸ್ತೆ, ವಿದ್ಯುತ್ತಿಗಾಗಿ ಕಾಯುವ ಮನೆಗಳು ಇನ್ನೂ ಇವೆ. ಅದನ್ನು ಬರೆಯಲು ಈ ಪತ್ರಿಕೆಯ ಪುಟಗಳು ಎಂದಿನಂತೆ ತೆರೆದಿವೆ; ಯಾರದೋ ಸಾವಿನ ಸುದ್ದಿಯ ಬಾಲವಾಗಿ ಬರೆಯುವುದು ಬೇಡ, ಅದಕ್ಕೇ ಮೀಸಲಾದ ಪುಟದಲ್ಲಿ ಬರೆಯೋಣ.

ಕೊನೆಗೆ, ತಮ್ಮ ಸಹಿಯ ಮೇಲಿನ ಆ ಸಾಲು. ‘2005ರಲ್ಲಿ ಕೊಪ್ಪದ ಸಭೆಯಲ್ಲಿ ನಾನೊಬ್ಬನೇ ಎದ್ದು, ಪಾವಗಡದಲ್ಲಿ ನಡೆದದ್ದು ಕೊಲೆ, ಅದನ್ನು ಸೇಡು ಎಂದು ಕರೆಯಬೇಡಿ ಎಂದಿದ್ದೆ, ಅದನ್ನು ಯಾರೂ ಬರೆಯಲಿಲ್ಲ’ ಎಂದಿದ್ದೀರಿ. ನಾನು ಕೇಳುತ್ತಿದ್ದುದನ್ನು ತಾವು ಇಪ್ಪತ್ತು ವರ್ಷಗಳ ಹಿಂದೆಯೇ ಮಾಡಿದ್ದೀರಿ, ಮತ್ತು ಅದನ್ನು ಬರೆಯದೆ ಬಿಟ್ಟವರಲ್ಲಿ ನಾನೂ ಒಬ್ಬ. ಮುಂದಿನ ಸಂಚಿಕೆಯಲ್ಲಿ ಆ ಪೇದೆಯ ಅಂಚೆ ಕಾರ್ಡನ್ನು, ಬರೆದವರ ವಿಳಾಸ ಬಿಟ್ಟು, ಪ್ರಕಟಿಸುತ್ತಿದ್ದೇವೆ. ಅದರ ಪಕ್ಕದ ಪುಟವನ್ನು ತಮಗಾಗಿ ಖಾಲಿ ಇರಿಸಿದ್ದೇನೆ. ಅಂದಿನ ಸಭೆಯಲ್ಲಿ ತಾವು ಆಡಿದ ಮಾತು, ಎದುರು ಬಂದ ಮಾತು, ಎದ್ದು ಹೊರಗೆ ನಡೆದವರು, ಸಭೆ ಮುಗಿದ ಮೇಲೆ ಬಸ್ ನಿಲ್ದಾಣದವರೆಗೆ ತಮ್ಮ ಜೊತೆ ಬಂದವರು ಯಾರಾದರೂ ಇದ್ದರೆ ಅವರು — ಎಲ್ಲವನ್ನೂ ಬರೆದು ಕಳುಹಿಸಿ. ಇದೇ ತಿಂಗಳ ಇಪ್ಪತ್ತರೊಳಗೆ ತಲುಪಿದರೆ ಸಾಕು. ಹೆಸರು ಹಾಕುವುದೋ ಬೇಡವೋ ಎಂಬುದು ತಮಗೇ ಬಿಟ್ಟದ್ದು.

— ಸಂಪಾದಕ, ಚಿಕ್ಕಮಗಳೂರು