ಗ್ಯಾಸ್ ಒಲೆಯ ಉರಿ ಹಳದಿಯಾಗಿ ಪಾತ್ರೆ ತಳ ಕಪ್ಪಾಗುತ್ತಿದೆ. ಹೊಸ ಗ್ಲಾಸ್ ಟಾಪ್ ಒಲೆ ತಗೊಳ್ಳಲಾ, ಇಂಡಕ್ಷನ್ ತಗೊಳ್ಳಲಾ?

ಎರಡೂ ಬೇಡ. ದುಡ್ಡು ಜೇಬಿನಲ್ಲೇ ಇರಲಿ.

ಆರು ವರ್ಷದ ಎರಡು ಬರ್ನರ್ ಸ್ಟೀಲ್ ಒಲೆ, ದಿನಾ ಎರಡು ಹೊತ್ತು ಜೋಳದ ರೊಟ್ಟಿ, ಈಗ ಹಳದಿ ಉರಿ, ಕೈಗೆ ಹತ್ತುವಷ್ಟು ಮಸಿ. ನೀವು ಸಿಂಧನೂರಿನಲ್ಲಿ ಕೂತು ರಾಯಚೂರಿನ ನಮ್ಮ ಅಡುಗೆಮನೆಯ ಕಥೆ ಬರೆದಿದ್ದೀರಿ. ಓದಿ ನಮ್ಮ ಮನೆಯವಳಿಗೆ ತೋರಿಸಿದೆ. ನಕ್ಕಳು. ಯಾಕೆ ನಕ್ಕಳು ಅಂತ ಹೇಳುತ್ತೇನೆ.

ಮೂರು ವರ್ಷದ ಹಿಂದೆ, ಎಳ್ಳಮಾವಾಸ್ಯೆ. ಮಾನ್ವಿ ಕಡೆ ನಮ್ಮ ಹೊಲ ಇದೆ, ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಹಾಕಲು, ಎಲ್ಲರೂ ಹೋಗುತ್ತೇವೆ. ಅದಕ್ಕೆ ಎರಡು ದಿನ ಮೊದಲಿನಿಂದಲೇ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ಬಡಿಯುವ ಕೆಲಸ. ನಮ್ಮವ್ವ ಒಂದು ಬರ್ನರ್, ನಮ್ಮ ಮನೆಯವಳು ಒಂದು ಬರ್ನರ್. ನೂರರ ಮೇಲೆ ರೊಟ್ಟಿ ಆಗಿರಬೇಕು. ರೊಟ್ಟಿ ಬೇಯಿಸುವುದು ನಿಮಗೆ ಗೊತ್ತೇ ಇದೆ. ಹಂಚಿನ ಮೇಲೆ ಒಂದು ಕಡೆ ಬೆಂದ ಮೇಲೆ ಎತ್ತಿ ನೇರ ಉರಿಗೆ ಹಿಡಿಯುತ್ತಾರೆ, ಉಬ್ಬಲಿ ಅಂತ. ಆಗ ಅಂಚಿನ ಹಿಟ್ಟು ಉದುರುವುದು ಎಲ್ಲಿಗೆ? ಬರ್ನರ್ ಮೇಲೆ. ಸಜ್ಜೆ ರೊಟ್ಟಿ ಆದರೆ ಎಳ್ಳೂ ಜೊತೆಗೆ.

ಹಬ್ಬ ಮುಗಿದು ನಾಲ್ಕು ದಿನಕ್ಕೆ ಮನೆಯವಳು ಅಂದಳು: "ರೀ, ಉರಿ ಸಣ್ಣ ಆಗೇತ್ರಿ, ರೊಟ್ಟಿ ಉಬ್ಬವಲ್ದು. ಆ ಒಲಿ ರಿಪೇರಿ ಚಾಚಾನ್ನ ಕರೀರಿ."

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ. ಒಂದು ಒಲೆಗೆ ಚಾಚಾನನ್ನು ಕರೆಯುವುದಾ? "ಚಾಚಾ ಯಾಕ, ನಾ ಇಲ್ಲೇನು?" ಅಂದೆ. ಈ ಒಂದು ಮಾತಿಗೆ ಕೊನೆಗೆ ಎಷ್ಟು ಖರ್ಚಾಯಿತು ಅಂತ ಲೆಕ್ಕ ಹಾಕಿಲ್ಲ, ಹಾಕುವುದೂ ಇಲ್ಲ.

ರೆಗ್ಯುಲೇಟರ್ ಬಂದ್ ಮಾಡಿ, ಪೈಪ್ ಬಿಚ್ಚಿ, ಒಲೆಯನ್ನು ಬೋರಲು ಹಾಕಿದೆ. ಅಷ್ಟರ ಮಟ್ಟಿಗೆ ಸರಿ. ಕೆಳಗೆ ನೋಡಿದರೆ ನಾಬ್ ಹಿಂದೆ ಒಂದು ಪುಟ್ಟ ಹಿತ್ತಾಳೆಯ ಮೂತಿ ಇರುತ್ತದೆ. ಅದೇ ಜೆಟ್. ಗ್ಯಾಸ್ ಒಲೆಯೊಳಗೆ ಬರುವುದೇ ಅದರ ತೂತಿನಿಂದ. ತೂತು ಎಷ್ಟು ಸಣ್ಣದು ಅಂದರೆ ಒಂದು ಮಿಲಿಮೀಟರೂ ಇರುವುದಿಲ್ಲ. ಉರಿ ಸಣ್ಣ ಆಗಿದೆ, ಅಂದರೆ ಗ್ಯಾಸ್ ಬರುವ ತೂತು ಕಟ್ಟಿದೆ, ತೆಗೆದರೆ ಆಯಿತು ಅಂದುಕೊಂಡೆ. ತರ್ಕ ಚೆನ್ನಾಗಿದೆ ಅಲ್ವಾ? "ಒಂದು ಪಿನ್ನು ಕೊಡೇ" ಅಂದೆ. ಅವಳು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಕೊಟ್ಟಳು. ಜೆಟ್ಟಿಗೆ ಚುಚ್ಚಿ, ಎರಡು ಸಲ ತಿರುವಿದೆ. ಸ್ವಲ್ಪ ಬಿಗಿ ಅನ್ನಿಸಿತು. ಕಸ ಇರಬೇಕು ಅಂತ ಇನ್ನೊಂದು ಸಲ ಒತ್ತಿ ತಿರುವಿದೆ. ಸರಾಗವಾಗಿ ಓಡಾಡುವವರೆಗೆ ಬಿಡಲಿಲ್ಲ.

ಒಲೆ ಹಚ್ಚಿದರೆ ಭರ್ರೋ ಅಂತ ಉರಿ! ಮನೆಯವರೆಲ್ಲ ಖುಷಿ. ಆ ಖುಷಿಯಲ್ಲಿ ಇನ್ನೊಂದು ಬರ್ನರಿನ ಜೆಟ್ಟಿಗೂ ಅದೇ ಸೇವೆ ಮಾಡಿದೆ.

ಈಗ ನಾನು ಮಾಡಿದ್ದು ಏನು ಅಂತ ಬಿಡಿಸಿ ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಪಿನ್ನು ಉಕ್ಕು, ಜೆಟ್ಟು ಹಿತ್ತಾಳೆ. ಹಿತ್ತಾಳೆ ಮೆತ್ತಗೆ. ನಾನು ಕಸ ಅಂದುಕೊಂಡ ಆ ಬಿಗಿ ಜೆಟ್ಟಿನ ಗೋಡೆಯೇ. ಪಿನ್ನಿನ ಮೊನೆ ಸಣ್ಣ, ಒಳಗೆ ಹೋದಂತೆ ದಪ್ಪ. ಒತ್ತಿ ತಿರುವಿದರೆ ತೂತು ಅಗಲ ಆಗಲೇಬೇಕು. ಅಗಲ ಆದರೆ ಏನಾಯಿತು ಅಂತೀರಾ? ರೆಗ್ಯುಲೇಟರ್ ಯಾವಾಗಲೂ ಹೆಚ್ಚೂಕಮ್ಮಿ ಒಂದೇ ಒತ್ತಡದಲ್ಲಿ ಗ್ಯಾಸ್ ಬಿಡುತ್ತದೆ. ನಾಬ್ ಪೂರ್ತಿ ತಿರುವಿದಾಗ ಎಷ್ಟು ಗ್ಯಾಸ್ ಹೊರಗೆ ಬರಬೇಕು ಅಂತ ತೀರ್ಮಾನ ಮಾಡುವುದು ಆ ತೂತು ಒಂದೇ. ಅದರ ಅಗಲ ನೂರಕ್ಕೆ 10ರಷ್ಟು ಹೆಚ್ಚಾದರೆ ಗ್ಯಾಸ್ 21ರಷ್ಟು ಹೆಚ್ಚು ಬರುತ್ತದೆ. ವೃತ್ತದ ಲೆಕ್ಕ, ಅಗಲದ ವರ್ಗ. ಡಿಪ್ಲೊಮಾದಲ್ಲಿ ಓದಿದ್ದೆ, ಪಿನ್ನು ಹಿಡಿದಾಗ ನೆನಪಿಗೆ ಬರಲಿಲ್ಲ.

ಬರೀ ಗ್ಯಾಸ್ ಹೆಚ್ಚಾದರೆ ಉರಿ ಜೋರಾಗುತ್ತದೆ ಅಷ್ಟೇ ತಾನೇ? ಅಲ್ಲ. ಜೆಟ್ಟಿನಿಂದ ನುಗ್ಗುವ ಗ್ಯಾಸ್ ಪಕ್ಕದ ಕಿಂಡಿಯಿಂದ ಗಾಳಿಯನ್ನು ಎಳೆದುಕೊಂಡು, ಕೊಳವೆಯಲ್ಲಿ ಬೆರೆತು, ಬರ್ನರ್ ತಲುಪುತ್ತದೆ. ಆ ಗಾಳಿ ಸಾಕಷ್ಟಿದ್ದರೆ ಉರಿ ನೀಲಿ. ತೂತು ದೊಡ್ಡದಾದಾಗ ಗ್ಯಾಸ್ ಹೆಚ್ಚಾದಷ್ಟು ಗಾಳಿ ಹೆಚ್ಚಾಗುವುದಿಲ್ಲ. ಗಾಳಿ ಸಾಲದ ಗ್ಯಾಸ್ ಪೂರ್ತಿ ಸುಡುವುದಿಲ್ಲ. ಸುಡದೆ ಉಳಿದ ಇಂಗಾಲದ ಕಣಗಳು ಉರಿಯಲ್ಲಿ ಕಾದು ಹಳದಿಯಾಗಿ ಹೊಳೆಯುತ್ತವೆ, ಆಮೇಲೆ ಪಾತ್ರೆ ತಳಕ್ಕೆ ಮಸಿಯಾಗಿ ಕೂರುತ್ತವೆ. ನೀವು ತಿಕ್ಕಿ ತೊಳೆಯುತ್ತಿರುವ ಕಪ್ಪು ನೀವೇ ದುಡ್ಡು ಕೊಟ್ಟು ತಂದ ಗ್ಯಾಸು.

ನಮ್ಮ ಮನೆಯಲ್ಲಿ ಇದೆಲ್ಲ ಗೊತ್ತಾಗಲು ಎರಡು ಸಿಲಿಂಡರ್ ಬೇಕಾಯಿತು. 40 ದಿನ ಬರುತ್ತಿದ್ದ ಸಿಲಿಂಡರ್ 31ಕ್ಕೇ ಮುಗಿಯಿತು. ನಾನು ಸಿಲಿಂಡರ್ ತರುವ ಹುಡುಗನ ಮೇಲೆ ಹರಿಹಾಯ್ದೆ, ತೂಕ ಕಡಿಮೆ ಕೊಡುತ್ತೀಯಾ ಅಂತ. ಅವನು ಮಾತಾಡಲಿಲ್ಲ. ತಕ್ಕಡಿ ತಂದು ಬಾಗಿಲಲ್ಲೇ ತೂಗಿದ. ಸಿಲಿಂಡರ್ ಮೇಲೆ ಬರೆದ ಖಾಲಿ ತೂಕ ಕಳೆದರೆ 14.2 ಕೆಜಿ, ಬರೋಬ್ಬರಿ. ಆಮೇಲೆ ರೆಗ್ಯುಲೇಟರ್ ಮೇಲೆ ಸಂಶಯ ಬಂತು, ಅದನ್ನೂ ಬದಲಾಯಿಸಿದೆ. ಹಳದಿ ಹಳದಿಯೇ. "ಕಟ್ಟಿಗಿ ಒಲಿನೇ ಪಾಡಿತ್ತು" ಅಂತ ನಮ್ಮವ್ವ ದಿನಾ ಪಾತ್ರೆ ತಿಕ್ಕುವಾಗ ಅನ್ನುತ್ತಿದ್ದಳು.

ಇನ್ನೊಂದು ವಿಷಯ ಬರೆಯಲು ಈಗಲೂ ಹಿಂಜರಿಕೆ. ಚಳಿ ಅಂತ ಅಡುಗೆಮನೆ ಕಿಟಕಿ ಮುಚ್ಚಿರುತ್ತಿತ್ತು. ಮನೆಯವಳಿಗೆ ರೊಟ್ಟಿ ಮುಗಿಸಿ ಬಂದ ಮೇಲೆ ತಲೆನೋವು, ಕಣ್ಣುರಿ. ಅವ್ವ ದೃಷ್ಟಿ ತೆಗೆದಳು. ನಾನು ಮಾತ್ರೆ ತಂದುಕೊಟ್ಟೆ. ಕೊಪ್ಪಳದ ತವರಿಗೆ ಹೋದ ಒಂದು ವಾರ ತಲೆನೋವೇ ಇರಲಿಲ್ಲವಂತೆ, ಬಂದ ಮರುದಿನ ಮತ್ತೆ ಶುರು. ಗ್ಯಾಸ್ ಅರೆಬರೆ ಸುಟ್ಟರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಹೆಚ್ಚಾದರೆ ಜೀವವನ್ನೇ ತೆಗೆಯುತ್ತದೆ. ತಲೆನೋವಿಗೆ ಅದೇ ಕಾರಣ ಅಂತ ಪರೀಕ್ಷೆ ಮಾಡಿಸಲಿಲ್ಲ. ಆದರೆ ಒಲೆ ಸರಿಯಾದ ಮೇಲೆ ಮಾತ್ರೆ ತರುವುದು ನಿಂತಿತು. ನೀವು ಈ ಉತ್ತರ ಮುಗಿಸುವ ಮೊದಲು ಎದ್ದು ಹೋಗಿ ಕಿಟಕಿ ತೆಗೆಯಿರಿ.

ಕೊನೆಗೆ ನಾನೂ ನಿಮ್ಮ ಹಾಗೆಯೇ ಹೊಸ ಒಲೆ ನೋಡಲು ಹೊರಟೆ. ತೀನ್ ಕಂದೀಲ್ ಹತ್ತಿರ ಅಂಗಡಿಗೆ ಹೋಗುವಾಗ ಅದೇ ಚಾಚಾ ಸಿಕ್ಕರು. "ಹಳೇದು ತಗೊಂಡು ಬಾ, ನೋಡೂಣು" ಅಂದರು. ತಂದುಕೊಟ್ಟೆ. ಎರಡು ನಿಮಿಷದಲ್ಲಿ ಜೆಟ್ ಬಿಚ್ಚಿದರು. ಒಂದು ಕೈಯಲ್ಲಿ ಹೊಸ ಜೆಟ್, ಇನ್ನೊಂದು ಕೈಯಲ್ಲಿ ನನ್ನದು, ಎರಡನ್ನೂ ಬಿಸಿಲಿಗೆ ಹಿಡಿದು ನನ್ನ ಕಣ್ಣ ಮುಂದೆ ತಂದರು. ಹೊಸದರಲ್ಲಿ ಬೆಳಕು ಗುಂಡಗೆ, ಸಾಸಿವೆಗಿಂತ ಸಣ್ಣ ಚುಕ್ಕೆ. ನನ್ನದರಲ್ಲಿ ಒಂದು ಕಡೆ ಹರಿದ ಮೊಟ್ಟೆಯಂಥ ಆಕಾರ. "ತಮ್ಮಾ, ಇದಕ್ಕ ಪಿನ್ನ ಚುಚ್ಚೀರೇನು?"

ಆಮೇಲೆ ಬರ್ನರ್ ಕೂರುವ ಕೊಳವೆ ಬಿಚ್ಚಿ, ಹಳೇ ಪೇಪರ್ ಮೇಲೆ ತಟ್ಟಿದರು. ಅದಕ್ಕೆ ಅವರು ಮಿಕ್ಸಿಂಗ್ ಟ್ಯೂಬ್ ಅನ್ನುತ್ತಾರೆ. ಒಂದೂವರೆ ಚಮಚ ಬಿತ್ತು: ಕರಕಲಾದ ಹಿಟ್ಟು, ಕಪ್ಪಾದ ಎಳ್ಳು, ಒಂದು ಸತ್ತ ಜಿರಲೆ. ನಿಜವಾದ ರೋಗ ಅಲ್ಲಿತ್ತು. ಜೆಟ್ ಮೊದಲಿನಿಂದಲೂ ಸರಿಯಾಗೇ ಇತ್ತು! ಹಿಟ್ಟು ಬರ್ನರ್ ತೂತು ಕಟ್ಟಿ, ಕೊಳವೆ ಕಟ್ಟಿ, ಗಾಳಿ ಎಳೆಯಲು ಬಿಡುತ್ತಿರಲಿಲ್ಲ. ಎರಡು ಜೆಟ್, ಕ್ಲೀನಿಂಗು ಸೇರಿ 180 ರೂಪಾಯಿ.

ಹಾಗಾಗಿ ನೀವು ಮೊದಲು ಮಾಡಬೇಕಾದ್ದು ಇಷ್ಟು. ರೆಗ್ಯುಲೇಟರ್ ಬಂದ್ ಮಾಡಿ, ಒಲೆ ಆರಲು ಬಿಡಿ. ಮೇಲಿನ ಹಿತ್ತಾಳೆ ಬರ್ನರ್ ಎತ್ತಿ ಬಿಸಿ ನೀರಿಗೆ ಹುಣಸೆಹಣ್ಣು ಕಿವುಚಿ ಅರ್ಧ ಗಂಟೆ ನೆನೆಸಿ, ಹಳೇ ಬ್ರಶ್ಶಿನಿಂದ ತಿಕ್ಕಿ. ಬರ್ನರಿನ ತೂತುಗಳಿಗೆ ಪೊರಕೆ ಕಡ್ಡಿ ಹಾಕಿ, ತಪ್ಪಿಲ್ಲ. ಕೊಳವೆಯನ್ನು ಬಾಟಲಿ ಬ್ರಶ್ಶಿನಿಂದ ಒಣಗಿದ್ದಾಗಲೇ ಗೀಚಿ ತೆಗೆಯಿರಿ, ನೀರು ಹಾಕಿದರೆ ಹಿಟ್ಟು ಒಳಗೇ ಅಂಬಲಿ ಆಗುತ್ತದೆ. ಬರ್ನರ್ ಪೂರ್ತಿ ಒಣಗಿದ ಮೇಲೆ ಕೂರಿಸಿ. ಜೆಟ್ ಮಾತ್ರ ಮುಟ್ಟಬೇಡಿ. ಅದು ಕಟ್ಟಿದೆ ಅನ್ನಿಸಿದರೆ ಬದಲಾಯಿಸಿ. ದೊಡ್ಡ ಬರ್ನರಿನದು, ಸಣ್ಣದರದು ಬೇರೆ ಬೇರೆ ಅಳತೆ, ಅದಲುಬದಲು ಮಾಡಬೇಡಿ. ಬೆಂಗಳೂರಿನ ಸಂಬಂಧಿಕರು ಪೈಪ್ ಗ್ಯಾಸಿಗೆ ಹಾಕಿದ್ದ ಒಲೆ ಕೊಟ್ಟರೆ ಹಾಗೇ ಹಚ್ಚಬೇಡಿ, ಅದರ ಜೆಟ್ಟಿನ ತೂತೇ ದೊಡ್ಡದು.

ಒಲೆ ಬಿಚ್ಚಿ ಜೋಡಿಸಿದ ಮೇಲೆ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತಾ ನೋಡಿ. ಕಡ್ಡಿ ಗೀರಿ ನೋಡುವ ಹುಚ್ಚು ಬೇಡ. ಗ್ಯಾಸ್ ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆಗೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ. ಕಿತ್ತಳೆ ಬಣ್ಣದ ಪೈಪಿನ ಆಯುಷ್ಯ ಐದು ವರ್ಷ. ನಿಮ್ಮ ಒಲೆಗೆ ಆರು ವರ್ಷ ಅಂದಿದ್ದೀರಿ, ಪೈಪು ಅದೇ ಆದರೆ ಇವತ್ತೇ ಬದಲಾಯಿಸಿ. ಉರಿಯಲ್ಲಿ ಆಗಾಗ ಕಿತ್ತಳೆ ಕಿಡಿ ಹಾರಿದರೆ ಅದು ಧೂಳು, ಹಿಟ್ಟು, ಚಿಂತೆ ಬೇಡ. ತುದಿ ಸದಾ ಹಳದಿ ಇದ್ದು ಪಾತ್ರೆಗೆ ಮಸಿ ಹತ್ತಿದರೆ ಮಾತ್ರ ಚಿಂತೆ.

ಗ್ಲಾಸ್ ಟಾಪ್ ಬಗ್ಗೆ ಕೇಳಿದಿರಿ. ರೊಟ್ಟಿ ಮನೆಗೆ ಅದು ಸುಮ್ನೆ ಶೋಕಿ. ಕಾದ ಗಾಜಿನ ಮೇಲೆ ರೊಟ್ಟಿಗೆ ನೀರು ಹಚ್ಚುವ ಒದ್ದೆ ಬಟ್ಟೆ ಬಿದ್ದರೆ ಏನಾದೀತು ಅಂತ ನೆನೆದರೇ ನನಗೆ ಭಯ. ಆಟೋಮ್ಯಾಟಿಕ್ ಕಿಡಿಯ ಒಲೆ ನಮ್ಮ ತಂಗಿ ಮನೆಯಲ್ಲಿದೆ. ಕಿಡಿ ಬರುವ ಕಡ್ಡಿಗೇ ಹಿಟ್ಟು ಕೂತು, ಈಗ ಪಕ್ಕದಲ್ಲೇ ಲೈಟರ್ ಇಟ್ಟುಕೊಂಡಿದ್ದಾಳೆ. ಇಂಡಕ್ಷನ್ ಹಾಲು ಕಾಯಿಸಲು, ಅನ್ನಕ್ಕೆ ಒಳ್ಳೆಯದೇ. ಆದರೆ ಉರಿ ಇಲ್ಲದೆ ರೊಟ್ಟಿ ಹೇಗೆ ಉಬ್ಬಿಸುತ್ತೀರಿ? ಅತ್ತೆಯವರನ್ನು ಕೇಳಿ ನೋಡಿ, ನಾನು ಹೇಳುವುದಕ್ಕಿಂತ ಚೆನ್ನಾಗಿ ಅವರು ಹೇಳುತ್ತಾರೆ.

ಕ್ಲೀನ್ ಮಾಡಿದ ಮೇಲೂ ಉರಿ ಹಳದಿಯೇ ಇದ್ದರೆ, ಒಲೆಯನ್ನು ಬಿಚ್ಚಿದವರು ಯಾರು, ಪಿನ್ನು ಹಾಕಿದ್ದರಾ ಅಂತ ಮನೆಯಲ್ಲಿ ವಿಚಾರಿಸಿ. ಮೆತ್ತಗೆ ವಿಚಾರಿಸಿ, ಒಂದೇ ಸಲಕ್ಕೆ ನಂಬಬೇಡಿ. ಚಾಚಾ ಬಿಸಿಲಿಗೆ ಹಿಡಿದು ಕೇಳಿದಾಗ ನಾನು, "ಇಲ್ಲ ಚಾಚಾ, ಕಂಪನಿಯಿಂದಲೇ ಹಾಗೆ ಬಂದಿರಬೇಕು" ಅಂದಿದ್ದೆ. ಪಕ್ಕದಲ್ಲೇ ನಿಂತಿದ್ದ ನಮ್ಮ ಮನೆಯವಳು ಏನೂ ಅನ್ನದೆ ಬಳೆಯಲ್ಲಿದ್ದ ಪಿನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.