ಹಾಲಿವುಡ್‌ನ ಸೂಪರ್‌ಹೀರೋ ಸಿನಿಮಾ ‘ದಿ ಮಾರ್ವೆಲ್ಸ್’ ಸೋತಿದ್ದು ಮೂವರು ನಾಯಕಿಯರು ಇದ್ದದ್ದಕ್ಕಾ?

ಅಲ್ಲ. ಇದರ ಮೊದಲ ಭಾಗ ‘ಕ್ಯಾಪ್ಟನ್ ಮಾರ್ವೆಲ್’ನಲ್ಲೂ ನಾಯಕಿಯೇ ಇದ್ದಳು, ಅದು 2019ರಲ್ಲಿ ಜಗತ್ತಿನಾದ್ಯಂತ ಸುಮಾರು 113 ಕೋಟಿ ಡಾಲರ್ ಗಳಿಸಿತು. 2023ರ ಈ ಎರಡನೇ ಭಾಗಕ್ಕೆ ಬಂದದ್ದು ಸುಮಾರು 20 ಕೋಟಿ ಅಷ್ಟೇ. ಅದೇ ವರ್ಷ ಎಲ್ಲಕ್ಕಿಂತ ಜಾಸ್ತಿ ದುಡ್ಡು ಮಾಡಿದ್ದು ನಾಯಕಿಯದ್ದೇ ಕಥೆಯಿದ್ದ ‘ಬಾರ್ಬಿ’, ಅಲ್ವಾ?

ನಿಜವಾದ ವ್ಯತ್ಯಾಸ ಬಿಡುಗಡೆಯ ಹೊತ್ತಿನದ್ದು. ಮಾರ್ವೆಲ್‌ನದ್ದೇ ಇನ್ನೊಂದು ಸಿನಿಮಾ ‘ಇನ್ಫಿನಿಟಿ ವಾರ್’ನ ಕಥೆ ಅರ್ಧಕ್ಕೆ ನಿಂತಿತ್ತು, ಅದರ ಮುಂದುವರಿಕೆ ‘ಎಂಡ್‌ಗೇಮ್’ ಬರೋಕೆ ಒಂದೂವರೆ ತಿಂಗಳಿತ್ತು, ನಡುವೆ ಬಂದ ‘ಕ್ಯಾಪ್ಟನ್ ಮಾರ್ವೆಲ್’ ನೋಡದಿದ್ದರೆ ಮುಂದಿನ ಕಥೆ ತಪ್ಪಿಹೋಗುತ್ತೆ ಅಂತ ಜನ ನುಗ್ಗಿದರು. ‘ದಿ ಮಾರ್ವೆಲ್ಸ್’ ಹೊತ್ತಿಗೆ ಆ ಕುತೂಹಲ ಇಳಿದಿತ್ತು. ಮೇಲಾಗಿ, ಉಳಿದಿಬ್ಬರು ನಾಯಕಿಯರ ಹಿನ್ನೆಲೆ ಇದ್ದದ್ದು ಡಿಸ್ನಿ ಪ್ಲಸ್ ಅನ್ನೋ ಒಟಿಟಿಯ ಸರಣಿಗಳಲ್ಲಿ. ಅವನ್ನು ನೋಡಿರದ ಪ್ರೇಕ್ಷಕರಿಗೆ ಇವರು ಅಪರಿಚಿತರು. ಹಾಲಿವುಡ್ ಕಲಾವಿದರ ಮುಷ್ಕರ ಮುಗಿದದ್ದೂ ಬಿಡುಗಡೆಯ ಹಿಂದಿನ ದಿನವೇ, ಹಾಗಾಗಿ ನಟಿಯರು ಪ್ರಚಾರಕ್ಕೂ ಬಂದಿರಲಿಲ್ಲ.

ಪ್ರಾತಿನಿಧ್ಯಕ್ಕೆ ಬೆಲೆಯೇ ಇಲ್ಲ ಅಂತಲ್ಲ. ತೆರೆ ಮೇಲೆ ತಮ್ಮಂಥವರನ್ನು ಕಂಡಾಗ ಜನ ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುತ್ತಾರೆ, ಕಪ್ಪು ಸೂಪರ್‌ಹೀರೋನ ಸಿನಿಮಾ ‘ಬ್ಲ್ಯಾಕ್ ಪ್ಯಾಂಥರ್’ಗೆ ಅಮೆರಿಕದ ಕಪ್ಪು ಜನ ಬಂದದ್ದು ಹಾಗೆಯೇ. ಆದರೆ ಮೊದಲ ವಾರ ದಾಟಿದ ಮೇಲೆ ಸಿನಿಮಾ ಓಡಬೇಕಾದರೆ ನೋಡಿದವರು ಇನ್ನೊಬ್ಬರಿಗೆ ‘ಹೋಗಿ ನೋಡು’ ಅನ್ನಬೇಕು. ‘ದಿ ಮಾರ್ವೆಲ್ಸ್’ಗೆ ಅದಾಗಲಿಲ್ಲ, ಅಮೆರಿಕದಲ್ಲಿ ಎರಡನೇ ವಾರಾಂತ್ಯದ ಗಳಿಕೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕುಸಿಯಿತು.